ಅಪ್ಪ ನೋಡಿದ ಸಿನಿಮಾ ಜಾಗಗಳ ಫೋಟೊ ಆಲ್ಬಂ: ದುರ್ಗ, ರಾಮನಗರ, ಅರಸಾಳು, ಜೋಗಕ್ಕೆ ಹೋಗಿಬಂದವರು ಹೇಳಿ

ಕೇಳಿದವರು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಈ ವರ್ಷ 70 ತುಂಬುತ್ತದೆ. ಅವರು ಇಷ್ಟಪಟ್ಟ ಸಿನಿಮಾಗಳ ಜಾಗಗಳಿಗೆ ಅವರನ್ನೇ ಕರೆದುಕೊಂಡು ಹೋಗಬೇಕು, ಅಲ್ಲಿ ತೆಗೆದ ಫೋಟೊಗಳ ಆಲ್ಬಂ ಮಾಡಿಕೊಡಬೇಕು ಅಂತ ಆಸೆ. ಅವರ ಪಟ್ಟಿಯಲ್ಲಿ ಇರುವುದು ‘ನಾಗರಹಾವು’ ಚಿತ್ರದ ಚಿತ್ರದುರ್ಗ, ‘ಶೋಲೆ’ಯ ರಾಮನಗರ, ‘ಮಾಲ್ಗುಡಿ ಡೇಸ್’ನ ಅರಸಾಳು ಮತ್ತು ಆಗುಂಬೆ. ‘ಮುಂಗಾರು ಮಳೆ’ಯ ಜೋಗ ನಾನು ಸೇರಿಸಿದ್ದು. ನನ್ನ ಹತ್ತಿರ ಒಂದು ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆ ಬಂದ 18-55 ಲೆನ್ಸ್, ಒಂದು ಫೋನ್ ಇವೆ. ಅಪ್ಪನಿಗೆ ಮಂಡಿ ನೋವು, ಜಾಸ್ತಿ ಹತ್ತಿಸಲು ಆಗುವುದಿಲ್ಲ. ಯಾವ ತಿಂಗಳು ಒಳ್ಳೆಯದು? ಸಿನಿಮಾದ ಫ್ರೇಮ್ ಹಾಗೇ ಸಿಗಬೇಕಾದರೆ ಏನು ಮಾಡಬೇಕು? ಎಲ್ಲೆಲ್ಲಿ ಅನುಮತಿ ಕೇಳಬೇಕು?

ಚಿತ್ರದುರ್ಗದವರು

ನಮ್ಮೂರಿಗೆ ಬರ್ತಿದ್ದೀರಿ, ಖುಷಿಯಾಯಿತು. ‘ನಾಗರಹಾವು’ ಬಂದದ್ದು 1972ರಲ್ಲಿ. ತ.ರಾ.ಸು. ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ಇಲ್ಲಿ ದೊಡ್ಡವರ ಬಾಯಲ್ಲಿ ಈಗಲೂ ಆ ಚಿತ್ರೀಕರಣದ ಮಾತು ಬರುತ್ತದೆ. ನಿಮ್ಮ ಅಪ್ಪನ ಸಿನಿಮಾಗಳಲ್ಲಿ ಅಂದು ಕಂಡಂತೆ ಇಂದೂ ಇರುವ ಜಾಗ ಯಾವುದು ಅಂದರೆ ದುರ್ಗವೇ. ಇಲ್ಲಿ ಸೆಟ್ ಹಾಕುವ ಅಗತ್ಯವೇ ಇರಲಿಲ್ಲ. ಅದೇ ಬಂಡೆ, ಅದೇ ಬಾಗಿಲು, ಅದೇ ಮೆಟ್ಟಿಲು.

ಮೊದಲು ಅಪ್ಪನ ಮಂಡಿಯ ವಿಷಯ. ಕೋಟೆಯ ಮೊದಲ ಬಾಗಿಲುಗಳ ತನಕ ದಾರಿ ಸುಮಾರಾಗಿ ಸಲೀಸು. ದೊಡ್ಡ ಕಲ್ಲಿನ ಗೋಡೆ, ಬಾಗಿಲಿನಿಂದ ಬಾಗಿಲಿಗೆ ತಿರುಗುವ ದಾರಿ, ಎಲ್ಲ ಅಲ್ಲೇ ಸಿಗುತ್ತದೆ. ಆಮೇಲೆ ಏಕನಾಥೇಶ್ವರಿ, ಹಿಡಿಂಬೇಶ್ವರ ಗುಡಿಗಳ ಕಡೆ ಏರು ಇದೆ. ನಿಧಾನವಾಗಿ, ಕೂತು ಎದ್ದು ಹೋದರೆ ಆಗುತ್ತದೆ. ಬೆಳಿಗ್ಗೆ ಗೇಟು ತೆರೆದ ತಕ್ಷಣ ಒಳಗೆ ಹೋಗಿ. ಹತ್ತು ಗಂಟೆ ಆಯಿತೆಂದರೆ ಬಂಡೆ ಕಾಯಲು ಶುರು. ನೆರಳು ಗಟ್ಟಿಯಾಗಿ ಬಿದ್ದು, ಫೋಟೊದಲ್ಲಿ ಕಲ್ಲು ಬೆಳ್ಳಗೆ ಸುಟ್ಟಂತೆ ಬರುತ್ತದೆ.

ಓಬವ್ವನ ಕಿಂಡಿಗೆ ಎಲ್ಲರೂ ಬರುವುದು ‘ನಾಗರಹಾವು’ ಚಿತ್ರದ ಓಬವ್ವನ ಹಾಡನ್ನು ನೆನೆದುಕೊಂಡೇ. ಅದರಲ್ಲಿ ಓಬವ್ವನಾಗಿದ್ದವರು ಜಯಂತಿ. ಕಿಂಡಿ ಇಕ್ಕಟ್ಟು. ನಿಮ್ಮ ಲೆನ್ಸನ್ನು ಅತಿ ಅಗಲದ ನೋಟಕ್ಕೆ, ಅಂದರೆ 18ಕ್ಕೆ ಇಟ್ಟರೂ ಹಿಂದೆ ಸರಿಯಲು ಜಾಗ ಸಾಲುವುದಿಲ್ಲ, ಫೋನಿನ ಅಗಲದ ಲೆನ್ಸೇ ವಾಸಿ. ಒಳಗೆ ಕತ್ತಲು, ಹೊರಗೆ ಬಿಸಿಲು. ಎರಡನ್ನೂ ಒಂದೇ ಚಿತ್ರದಲ್ಲಿ ಉಳಿಸಿಕೊಳ್ಳಲು ಹೋಗಬೇಡಿ. ಹೊರಗಿನ ಬೆಳಕಿಗೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಬಿಡುವ ಬೆಳಕಿನ ಪ್ರಮಾಣ) ಇಟ್ಟು, ಒಳಗಿನ ಗೋಡೆ ಕಪ್ಪಾಗಲು ಬಿಡಿ. ಅಪ್ಪನನ್ನು ಆಚೆ ನಿಲ್ಲಿಸಿ. ಕಿಂಡಿ ಎಷ್ಟು ಚಿಕ್ಕದು ಅಂತ ಗೊತ್ತಾಗುವುದೇ ಅದರೊಳಗೆ ಒಬ್ಬ ಮನುಷ್ಯ ಕಂಡಾಗ. ಪಕ್ಕದ ತಣ್ಣೀರು ದೋಣಿ ಎಂಬ ನೀರಿನ ಸೆಲೆಯನ್ನೂ ನೋಡಿಕೊಂಡೇ ಬನ್ನಿ.

ಕೋಟೆ ಪುರಾತತ್ವ ಇಲಾಖೆಯದು. ಕೈಯಲ್ಲಿ ಹಿಡಿದ ಕ್ಯಾಮೆರಾಗೆ ಯಾರೂ ಏನೂ ಅನ್ನುವುದಿಲ್ಲ. ಡ್ರೋನ್ ಹಾರಿಸುವಂತಿಲ್ಲ. ಟ್ರೈಪಾಡ್ ಬೇಕಿದ್ದರೆ ಮೊದಲೇ ಕೇಳಿ. ಕೋತಿಗಳು ಇವೆ, ತಿಂಡಿಯ ಕವರ್ ಕೈಯಲ್ಲಿ ಹಿಡಿದು ಓಡಾಡಬೇಡಿ. ಮಳೆ ಮುಗಿದ ಮೇಲೆ, ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಬನ್ನಿ. ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡಗಳಲ್ಲಿ ನೀರಿರುತ್ತದೆ, ಬಂಡೆಯ ನೆರಳು ನೀರಲ್ಲಿ ಚೆನ್ನಾಗಿ ಕಾಣುತ್ತದೆ.

ಬೆಂಗಳೂರಿನಿಂದ ಒಬ್ಬರು

ಸಿನಿಮಾ ಜಾಗಗಳನ್ನು ಹುಡುಕಿಕೊಂಡು ಹೋಗುವುದು ನನ್ನ ಬಹಳ ವರ್ಷದ ಹುಚ್ಚು. ಫ್ರೇಮ್ ಹೇಗೆ ಸಿಗುತ್ತದೆ ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರಿಸುತ್ತೇನೆ.

ಮನೆಯಲ್ಲೇ ಸಿನಿಮಾ ಹಾಕಿ, ಬೇಕಾದ ದೃಶ್ಯ ನಿಲ್ಲಿಸಿ ಫೋಟೊ ಇಟ್ಟುಕೊಳ್ಳಿ. ನಟರನ್ನು ಬಿಟ್ಟು ಅವರ ಹಿಂದೆ ಇರುವುದನ್ನು ನೋಡಿ. ಹತ್ತಿರದ ಒಂದು ಬಂಡೆ, ದೂರದ ಒಂದು ಶಿಖರ ಗುರುತು ಮಾಡಿಕೊಳ್ಳಿ. ಜಾಗಕ್ಕೆ ಹೋದ ಮೇಲೆ ಆ ಎರಡೂ ಒಂದಕ್ಕೊಂದು ಅದೇ ರೀತಿ ತಾಗಿ ಕಾಣುವ ತನಕ ನಡೆಯಿರಿ. ಸಿನಿಮಾದಲ್ಲಿ ಇರುವುದಕ್ಕಿಂತ ನಿಮ್ಮ ಕಣ್ಣಿಗೆ ದೂರದ ಶಿಖರ ಬಂಡೆಯ ಬಲಕ್ಕೆ ಜಾಸ್ತಿ ಸರಿದು ಕಂಡರೆ ನೀವು ಎಡಕ್ಕೆ ಹೋಗಬೇಕು. ಎಡಕ್ಕೆ ಸರಿದು ಕಂಡರೆ ಬಲಕ್ಕೆ. ಕ್ಯಾಮೆರಾ ನಿಂತಿದ್ದ ಜಾಗ ಹೀಗೆ ಸಿಗುತ್ತದೆ. ಜೂಮ್ ಮಾಡುವುದು ಅದಾದ ಮೇಲೆ. ನಿಂತ ಜಾಗ ತಪ್ಪಿದ್ದರೆ ಯಾವ ಲೆನ್ಸ್ ಹಾಕಿದರೂ ಆ ಫ್ರೇಮ್ ಬರುವುದಿಲ್ಲ. ಕೆಲವು ಶಾಟ್ ಕ್ರೇನಿನ ಮೇಲಿನಿಂದ ತೆಗೆದಿರುತ್ತಾರೆ, ಅವು ನೆಲದಿಂದ ಸಿಗುವುದೇ ಇಲ್ಲ. ಅವನ್ನು ಬಿಟ್ಟುಬಿಡಿ.

ಇನ್ನೊಂದು, ಚೌಕಟ್ಟಿನ ಆಕಾರ. ‘ಶೋಲೆ’ಯನ್ನು 35 ಎಂಎಂ ಫಿಲ್ಮಿನಲ್ಲಿ ತೆಗೆದು 70 ಎಂಎಂಗೆ ದೊಡ್ಡದು ಮಾಡಿದ್ದರು. ಆ ಪರದೆ ಎತ್ತರಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಅಗಲ, 2.2ಕ್ಕೆ 1. ನಿಮ್ಮ ಕ್ಯಾಮೆರಾ ಕೊಡುವುದು 3ಕ್ಕೆ 2. ಹಾಗಾಗಿ ತೆಗೆಯುವಾಗ ಮೇಲೆ ಕೆಳಗೆ ಜಾಗ ಬಿಟ್ಟು, ಆಮೇಲೆ ಕತ್ತರಿಸಿ. 6000 ಪಿಕ್ಸೆಲ್ ಅಗಲ ಇದ್ದರೆ ಎತ್ತರ ಸುಮಾರು 2700 ಉಳಿಯುತ್ತದೆ. ಆಲ್ಬಮ್ಮಿನ ಎರಡು ಪುಟಕ್ಕೆ ಹರಡಿ ಹಾಕಲು ಅದು ಧಾರಾಳ. ‘ಮಾಲ್ಗುಡಿ ಡೇಸ್’ ಟಿವಿಗೆ ಮಾಡಿದ್ದು, 4ಕ್ಕೆ 3. ಅದಕ್ಕೆ ಫೋನಿನ ಮಾಮೂಲಿ ಅಳತೆಯೇ ಸರಿಹೊಂದುತ್ತದೆ. ಆಲ್ಬಂ ತೆರೆದಾಗ ಈ ವ್ಯತ್ಯಾಸ ಅಪ್ಪನ ಕಣ್ಣಿಗೆ ಬಿದ್ದೇ ಬೀಳುತ್ತದೆ.

ರಾಮನಗರದ ಹತ್ತಿರದವರು

ರಾಮನಗರದ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಅಪ್ಪನಿಗೆ ನಿರಾಸೆ ಆಗಬಾರದು. ಸಿನಿಮಾದ ಊರು ರಾಮಗಢ ಈಗ ಇಲ್ಲ. ಠಾಕೂರ್ ಮನೆ, ನೀರಿನ ಟ್ಯಾಂಕ್, ಆ ಬೀದಿ ಎಲ್ಲವೂ ಸಿನಿಮಾಕ್ಕಾಗಿ ಕಟ್ಟಿದ ಸೆಟ್. ಈಗಲೂ ಬಹಳ ಜನ ಬಂದು ಊರೆಲ್ಲಿ ಅಂತ ಕೇಳುತ್ತಾರೆ. ಉಳಿದಿರುವುದು ರಾಮದೇವರ ಬೆಟ್ಟ ಮತ್ತು ಸುತ್ತಲಿನ ಬಂಡೆಗಳು. ನನ್ನ ಕೇಳಿದರೆ ಆ ಸಿನಿಮಾದ ದೊಡ್ಡ ಪಾತ್ರಧಾರಿಗಳೇ ಈ ಬಂಡೆಗಳು. ಗಬ್ಬರ್ ಕೂತಿದ್ದು ಈ ಕಲ್ಲುಗಳ ನಡುವೆ ಅಲ್ವಾ!

ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಿದರು. ಉದ್ದ ಕೊಕ್ಕಿನ ರಣಹದ್ದುಗಳು ಬಂಡೆಯ ಅಂಚುಗಳಲ್ಲಿ ಗೂಡು ಕಟ್ಟುತ್ತವೆ. ಅವು ಈಗ ಬೆರಳೆಣಿಕೆಯಷ್ಟು ಮಾತ್ರ. ಆದ್ದರಿಂದ ಅರಣ್ಯ ಇಲಾಖೆಯವರು ಬಿಟ್ಟ ದಾರಿಯಲ್ಲೇ ನಡೆಯಬೇಕು. ಒಳ್ಳೆಯ ಕೋನ ಸಿಗುತ್ತದೆ ಅಂತ ಬೇರೆ ಬಂಡೆ ಹತ್ತಲು ಹೋಗಬೇಡಿ, ಕೂಗಾಡಬೇಡಿ, ಡ್ರೋನ್ ಅಂತೂ ಬೇಡವೇ ಬೇಡ. ‘ಕಿತ್ನೇ ಆದ್ಮಿ ಥೇ’ ಅಂತ ಬೆಟ್ಟಕ್ಕೆ ಕೇಳುವ ಹಾಗೆ ಕಿರುಚುವ ಗುಂಪುಗಳು ಬರುತ್ತವೆ. ನಮಗೆ ನಿಜಕ್ಕೂ ಸಂಕಟವಾಗುತ್ತದೆ. ಗೂಡಿನಲ್ಲಿ ಮರಿ ಇರುವ ಹೊತ್ತಿನಲ್ಲಿ ಗದ್ದಲವಾದರೆ ತಾಯಿಹಕ್ಕಿ ಎದ್ದು ಹೋಗುತ್ತದೆ.

ತುದಿಗೆ ಮೆಟ್ಟಿಲುಗಳಿವೆ, ಅಪ್ಪನಿಗೆ ಕಷ್ಟ. ಆದರೆ ಅಗಲ ಪರದೆಯ ಆ ನೋಟ ಸಿಗುವುದು ಕೆಳಗಿನಿಂದಲೇ. ಬಯಲು ಮುಂದೆ, ಬೆಟ್ಟ ಹಿಂದೆ ಇರುವ ಹಾಗೆ ನಿಲ್ಲಿ. ಲೆನ್ಸನ್ನು 55ಕ್ಕೆ ಇಟ್ಟರೆ ಬೆಟ್ಟ ಹತ್ತಿರ ಬಂದ ಹಾಗೆ ಆಗುತ್ತದೆ. ಸಂಜೆ ಸೂರ್ಯ ಇಳಿಯುವಾಗ ಕಲ್ಲಿಗೆ ಜೇನಿನ ಬಣ್ಣ ಬರುತ್ತದೆ. ‘ಶೋಲೆ’ಯ ಛಾಯಾಗ್ರಾಹಕ ದ್ವಾರಕಾ ದಿವೇಚಾ. ವಿಧವೆ ರಾಧಾ ದೀಪ ಆರಿಸುವ ಆ ಪುಟ್ಟ ದೃಶ್ಯವಿದೆಯಲ್ಲ, ಅದಕ್ಕೆ ಬೇಕಾದ ಸಂಜೆಯ ಬೆಳಕಿಗಾಗಿ ದಿನಗಟ್ಟಲೆ ಕಾದು ಸ್ವಲ್ಪ ಸ್ವಲ್ಪವೇ ತೆಗೆದರು. ದಿನಕ್ಕೆ ಸಿಗುತ್ತಿದ್ದುದು ಕೆಲವೇ ನಿಮಿಷ. ನಿಮಗೂ ಅಷ್ಟೇ ಸಿಗುವುದು, ಹಾಗಾಗಿ ಜಾಗವನ್ನು ಮಧ್ಯಾಹ್ನವೇ ನೋಡಿ ಇಟ್ಟುಕೊಳ್ಳಿ.

ಸಾಗರದವರು

ಅರಸಾಳಿಗೂ ಜೋಗಕ್ಕೂ ಒಂದೇ ದಾರಿ. ಶಿವಮೊಗ್ಗದಿಂದ ಸಾಗರಕ್ಕೆ ಬರುವಾಗ ಅರಸಾಳು ನೋಡಿಕೊಂಡು, ತಾಳಗುಪ್ಪದ ಮೇಲೆ ಜೋಗಕ್ಕೆ ಹೋಗಿ. ಆಗುಂಬೆ ಬೇರೆ ದಿಕ್ಕು, ತೀರ್ಥಹಳ್ಳಿ ಕಡೆಯಿಂದ. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಅರಸಾಳಿನಲ್ಲಿ ಚಿತ್ರೀಕರಿಸಿದಾಗ ಇಲ್ಲಿನ ರೈಲು ದಾರಿ ಅಗಲ ಕಡಿಮೆಯ ಮೀಟರ್‌ಗೇಜ್ ದಾರಿ. ಈಗ ಬ್ರಾಡ್‌ಗೇಜ್. ಹಳೆಯ ನಿಲ್ದಾಣದ ಕಟ್ಟಡ ಪಾಳು ಬಿದ್ದಿತ್ತು, ಅದನ್ನು ರೈಲ್ವೆಯವರು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಈ ಕೆಲಸದಲ್ಲೂ ಇದ್ದರು. ಇಲ್ಲಿ ಒಂದು ಮೆಟ್ಟಿಲೂ ಹತ್ತಬೇಕಿಲ್ಲ, ಅಪ್ಪನಿಗೆ ಆರಾಮ. ಈ ದಾರಿಯಲ್ಲಿ ರೈಲು ಕಡಿಮೆ. ವೇಳಾಪಟ್ಟಿ ನೋಡಿಕೊಂಡು, ರೈಲು ಬರುವ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲೇ ನಿಂತು ತೆಗೆಯಿರಿ. ಹಳಿಯ ಮೇಲೆ ಇಳಿಯಬೇಡಿ, ಅದು ಅಪಾಯ ಮಾತ್ರವಲ್ಲ, ಅಪರಾಧವೂ ಹೌದು.

ಧಾರಾವಾಹಿಯಲ್ಲಿ ಕಾಣುವ ಆಗುಂಬೆಯ ದೊಡ್ಡಮನೆ ಮ್ಯೂಸಿಯಂ ಅಲ್ಲ, ಜನ ಇರುವ ಮನೆ. ಹೊರಗೆ ನಿಂತು ಕೂಗಿ, ಕೇಳಿ, ಅವರು ಒಳಗೆ ಬನ್ನಿ ಅಂದ ಮೇಲೆ ಹೋಗಿ. ಅಡುಗೆಮನೆ, ದೇವರಮನೆ ಕಡೆ ಕ್ಯಾಮೆರಾ ತಿರುಗಿಸುವ ಮೊದಲು ಇನ್ನೊಮ್ಮೆ ಕೇಳಿ. ಒಳಗೆ ಬೆಳಕು ಬರುವುದು ಮನೆ ನಡುವಿನ ತೆರೆದ ತೊಟ್ಟಿಯಿಂದ. ಫ್ಲಾಶ್ ಹಾಕಿದರೆ ಆ ಮನೆಯ ಚೆಲುವೆಲ್ಲ ಹೋಗುತ್ತದೆ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 1600, 3200ಕ್ಕೆ ಏರಿಸಿ, ಕಂಬಕ್ಕೆ ಒರಗಿ ತೆಗೆಯಿರಿ.

ಇನ್ನು ಜೋಗ. ‘ಮುಂಗಾರು ಮಳೆ’ 2006ರ ಕೊನೆಗೆ ಬಂತು. ಛಾಯಾಗ್ರಹಣ ಎಸ್. ಕೃಷ್ಣ ಅವರದು. ಆ ಸಿನಿಮಾ ಬಂದ ಮೇಲೆ ಜೋಗಕ್ಕೆ ಮಳೆಗಾಲದಲ್ಲಿ ಬರುವವರು ಜಾಸ್ತಿಯಾದರು. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇರುವುದರಿಂದ ಬೇಸಿಗೆಯಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕವಲು ಸೊರಗಿರುತ್ತವೆ. ಜುಲೈನಿಂದ ಸೆಪ್ಟೆಂಬರ್ ಸಮಯ ಸರಿ. ಆದರೆ ಜುಲೈನಲ್ಲಿ ಮಂಜು ಕವಿದರೆ ಗಂಟೆಗಟ್ಟಲೆ ಏನೂ ಕಾಣುವುದಿಲ್ಲ, ಬರೀ ಸದ್ದು. ಕಾಯಬೇಕು. ಮಂಜು ಸರಿದ ಆ ಸ್ವಲ್ಪ ಹೊತ್ತಿನಲ್ಲಿ ಬರುವ ಚಿತ್ರಕ್ಕೆ ಸಾಟಿಯಿಲ್ಲ. ಕ್ಯಾಮೆರಾವನ್ನು ಮೊದಲೇ ಸಿದ್ಧ ಮಾಡಿ ಇಟ್ಟುಕೊಳ್ಳಿ.

ನೀರನ್ನು ಹಾಲಿನ ಹಾಗೆ ನುಣ್ಣಗೆ ತೋರಿಸುವುದು ಈಗ ಎಲ್ಲರ ಅಭ್ಯಾಸ. ಜೋಗಕ್ಕೆ ಅದು ನನಗೆ ಒಪ್ಪುವುದಿಲ್ಲ. 253 ಮೀಟರ್ ಎತ್ತರದಿಂದ ಬೀಳುವ ನೀರು ಗಾಳಿಗೆ ಒಡೆದು ಪುಡಿಯಾಗುವುದೇ ಅದರ ಸೊಗಸು. ಶಟರ್ ವೇಗವನ್ನು 1/250 ಸೆಕೆಂಡಿಗೆ ಇಟ್ಟು ತೆಗೆದು ನೋಡಿ. ಬಿಸಿಲು ಬಿದ್ದಾಗ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ, ಕಾಮನಬಿಲ್ಲು ಸಿಕ್ಕರೂ ಸಿಗಬಹುದು. ಜಲಪಾತದ ನೆತ್ತಿಯ ಅಂಚಿನ ದೃಶ್ಯಗಳನ್ನು ಸಿನಿಮಾದಲ್ಲಿ ನೋಡಿ ಅಲ್ಲಿಗೆ ಹೋಗುವ ಆಸೆ ಬಿಡಿ. ಪಾಚಿ ಕಟ್ಟಿದ ಬಂಡೆ, ಕಾಲು ಜಾರಿದರೆ ಮುಗಿಯಿತು. ಎದುರಿನ ವೀಕ್ಷಣಾ ಜಾಗದಿಂದಲೇ ನಾಲ್ಕೂ ಕವಲು ಒಟ್ಟಿಗೆ ಕಾಣುತ್ತವೆ.

ಮಡಿಕೇರಿಯವರು

ಪಟ್ಟಿಯಲ್ಲಿ ಇಲ್ಲದಿದ್ದರೂ ಹೇಳುತ್ತೇನೆ. ಮಳೆ, ಮಂಜಿನ ಸಿನಿಮಾ ಇಷ್ಟವಾದರೆ ಮಾಂದಲಪಟ್ಟಿಗೂ ಬನ್ನಿ. 2008ರ ‘ಗಾಳಿಪಟ’ದ ನಂತರ ಜನ ಅದನ್ನು ಮುಗಿಲುಪೇಟೆ ಅಂತಲೇ ಕರೆಯುತ್ತಾರೆ. ಜೀಪಿನ ದಾರಿ ಕುಲುಕಾಟ ಜಾಸ್ತಿ, ಅಪ್ಪನ ಮಂಡಿ ನೋಡಿಕೊಂಡು ತೀರ್ಮಾನ ಮಾಡಿ. ಮಂಜಿನಲ್ಲಿ ಕ್ಯಾಮೆರಾ ತಾನಾಗಿ ಚಿತ್ರವನ್ನು ಮಬ್ಬು ಬೂದು ಮಾಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಬೆಳಕು ಎರಡು ಪಟ್ಟು) ಜಾಸ್ತಿ ಮಾಡಿದರೆ ಮಂಜು ಬೆಳ್ಳಗೆ ಉಳಿಯುತ್ತದೆ.

ಕುಂದಾಪುರದವರು

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. 2022ರ ‘ಕಾಂತಾರ’ ತೆಗೆದದ್ದು ನಮ್ಮ ತಾಲ್ಲೂಕಿನ ಕೆರಾಡಿಯಲ್ಲಿ. ಆಮೇಲೆ ಕರಾವಳಿಯ ಕೋಲಗಳಿಗೆ ಕ್ಯಾಮೆರಾ ಹಿಡಿದು ಬರುವವರು ಜಾಸ್ತಿಯಾಗಿದ್ದಾರೆ. ಕಾಡು, ಗದ್ದೆ, ಹೊಳೆ ಎಷ್ಟು ಬೇಕಾದರೂ ತೆಗೆಯಿರಿ. ಕೋಲ ಮಾತ್ರ ಪ್ರದರ್ಶನ ಅಲ್ಲ, ಅದು ನಮ್ಮ ದೈವಾರಾಧನೆ. ನಡೆಸುವ ಮನೆಯವರನ್ನು ಮೊದಲು ಕೇಳಿ. ಬೇಡ ಅಂದರೆ ಕ್ಯಾಮೆರಾ ಚೀಲದಲ್ಲಿಟ್ಟು ಕೈ ಮುಗಿದು ಕೂತು ನೋಡಿ. ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ ನುಗ್ಗಬೇಡಿ, ಮುಖಕ್ಕೆ ಫ್ಲಾಶ್ ಹೊಡೆಯಬೇಡಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದೊಡ್ಡಮನೆ, ರಣಹದ್ದು, ಕೋಲದ ಬಗ್ಗೆ ಹೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಒಂದು ಗೊಂದಲ ಉಳಿದಿದೆ. ದುರ್ಗಕ್ಕೆ ಅಕ್ಟೋಬರ್ ನಂತರ ಅಂತೀರಿ, ಜೋಗಕ್ಕೆ ಸೆಪ್ಟೆಂಬರ್ ಒಳಗೆ ಅಂತೀರಿ. ಒಂದೇ ಸಲ ಹೋಗಬೇಕಾದರೆ?

ಸಾಗರದವರು

ಸೆಪ್ಟೆಂಬರ್ ಕೊನೆಯ ವಾರ ನೋಡಿ. ಮಳೆ ಒಳ್ಳೆಯದಾಗಿದ್ದರೆ ಜೋಗದಲ್ಲಿ ನೀರಿರುತ್ತದೆ, ಮಂಜು ಕಡಿಮೆಯಾಗಿರುತ್ತದೆ. ಆದರೂ ಆಗುಂಬೆಯಲ್ಲಿ ಥಂಡಿ ಬಿಟ್ಟಿರುವುದಿಲ್ಲ. ಲೆನ್ಸಿಗೆ ಒಣ ಬಟ್ಟೆ, ಚೀಲಕ್ಕೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಚಿತ್ರದುರ್ಗದವರು

ನಾನು ಒಪ್ಪುವುದಿಲ್ಲ. 70ರ ಹಿರಿಯರನ್ನು ಒಂದೇ ಸಲಕ್ಕೆ ಇಷ್ಟೂ ಕಡೆ ಸುತ್ತಿಸಿದರೆ ಫೋಟೊದಲ್ಲಿ ಬರುವುದು ದಣಿದ ಮುಖವೇ. ಎರಡು ಭಾಗ ಮಾಡಿ. ಜೋಗ, ಅರಸಾಳು, ಆಗುಂಬೆ ಮಳೆ ಇರುವಾಗ. ದುರ್ಗ, ರಾಮನಗರ ಡಿಸೆಂಬರಿನಲ್ಲಿ. ನಡುವೆ ಸಿಗುವ ಸಮಯದಲ್ಲಿ ಮೊದಲ ಭಾಗದ ಫೋಟೊಗಳನ್ನು ಅಪ್ಪನ ಜೊತೆ ಕೂತು ನೋಡಿ. ಯಾವುದು ಆಲ್ಬಂಗೆ ಹೋಗಬೇಕು ಅಂತ ಅವರೇ ಹೇಳಲಿ, ಆ ಸಿನಿಮಾಗಳನ್ನು ಟಾಕೀಸಿನಲ್ಲಿ ನೋಡಿದವರು ಅವರೇ ಅಲ್ವಾ.

ಕೇಳಿದವರು

ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಎರಡು ಭಾಗವೇ ಆಗಲಿ ಅಂದರು. ಆಗಸ್ಟ್ ಕೊನೆಗೆ ಅರಸಾಳಿನಿಂದ ಶುರು ಮಾಡುತ್ತೇವೆ. ಇನ್ನೊಂದು ಪ್ರಶ್ನೆ ಸಾಗರದವರಿಗೆ: ಶಿವಮೊಗ್ಗದಿಂದ ರೈಲಿನಲ್ಲೇ ಅರಸಾಳಿಗೆ ಬಂದು ಇಳಿಯಬೇಕು ಅಂತ ಅಪ್ಪನ ಹಟ. ಅಲ್ಲಿಂದ ಮುಂದೆ ಜೋಗದ ತನಕ ಬಾಡಿಗೆ ಕಾರು ಶಿವಮೊಗ್ಗದಿಂದಲೇ ಹಿಂದೆ ತರಿಸಿಕೊಳ್ಳಬೇಕಾ, ಅಥವಾ ಹತ್ತಿರದಲ್ಲಿ ಸಿಗುತ್ತದಾ?

ಸಾಗರದವರು

ಅಪ್ಪ ಹೇಳಿದ್ದೇ ಸರಿ, ರೈಲಿನಲ್ಲೇ ಬನ್ನಿ. ಕಾರು ಶಿವಮೊಗ್ಗದಿಂದಲೇ ಮಾತಾಡಿಕೊಂಡು ಅರಸಾಳಿಗೆ ತರಿಸಿಕೊಳ್ಳಿ, ನಿಲ್ದಾಣದ ಹತ್ತಿರ ಸಿಗುತ್ತದೆ ಅಂತ ನಂಬಿಕೊಂಡು ಇಳಿಯಬೇಡಿ. ನೀವು ಸ್ವಲ್ಪ ಬೇಗ ಬಾಗಿಲ ಹತ್ತಿರ ಬಂದು ನಿಂತಿರಿ. ಅಪ್ಪ ಇಳಿಯುವ ಮೊದಲು ನೀವು ಇಳಿದು ಅವರಿಗೆ ಕೈಕೊಡಿ. ರೈಲು ಅಲ್ಲಿ ನಿಲ್ಲುವುದು ಸ್ವಲ್ಪವೇ ಹೊತ್ತು. ಕ್ಯಾಮೆರಾ ಆಮೇಲೆ ತೆಗೆದರಾಯಿತು, ರೈಲು ಹೊರಟ ಮೇಲೆ ಅದು ತಿರುವಿನಲ್ಲಿ ಮರೆಯಾಗುವ ತನಕ ನಿಮಗೆ ಸಮಯ ಇರುತ್ತದೆ.