ಹಾಲಿನಿಂದ ತೆಗೆದ ಡಿಎನ್‌ಎ: ಜೆಲ್‌ನಲ್ಲಿ ಬ್ಯಾಂಡ್ ಬರುತ್ತಿಲ್ಲ

ಪ್ರಶ್ನೆ (ಹಡಪಸರ, ಪುಣೆ):
ಮಾನ್ಯರೇ, ಇಲ್ಲಿನ ಒಬ್ಬ ಗೌಳಿಗರ ಕೊಟ್ಟಿಗೆಯ 12 ಹಸುಗಳಿಗೆ ಎ1, ಎ2 ಬೀಟಾ ಕೇಸೀನ್ (ಹಾಲಿನ ಒಂದು ಪ್ರೋಟೀನಿನ ಎರಡು ಬಗೆಗಳು; ಯಾವುದೆಂದು ಹಸುವಿನ ಡಿಎನ್‌ಎಯಿಂದ ತಿಳಿಯುತ್ತದೆ) ಪರೀಕ್ಷೆ ಮಾಡುತ್ತಿದ್ದೇನೆ. ಹಾಲು ಎಷ್ಟು ಬೇಕಾದರೂ ಒಯ್ಯಿರಿ, ಸೂಜಿ ಮಾತ್ರ ಚುಚ್ಚಬೇಡಿ ಎಂದು ಯಜಮಾನರು ಹೇಳಿದ್ದರಿಂದ ರಕ್ತ ಸಿಗುವಂತಿಲ್ಲ. ಒಂದು ವಾರ ಫ್ರೀಜರ್‌ನಲ್ಲಿ ಗಟ್ಟಿಯಾಗಿಟ್ಟ ಹಾಲನ್ನು ಕರಗಿಸಿ, 1 ಮಿ.ಲೀ.ನಷ್ಟನ್ನು ಸೆಂಟ್ರಿಫ್ಯೂಜ್ ಮಾಡಿದಾಗ ತಳದಲ್ಲಿ ಬಿಳಿಯ ಗಸಿ ಧಾರಾಳವಾಗಿಯೇ ಸಿಕ್ಕಿತು. ಆದರೆ ಅದರ ಡಿಎನ್‌ಎಯ 260/280 ಅನುಪಾತ (ಶುದ್ಧತೆಯ ಅಳತೆ) 1.4ರ ಆಸುಪಾಸಿನಲ್ಲಿ, ಅಂದರೆ ಕಡಿಮೆಯೇ ಇದೆ; ಪಿಸಿಆರ್ (ಡಿಎನ್‌ಎಯ ಬೇಕಾದ ತುಣುಕನ್ನು ಹಲವು ಪಟ್ಟು ನಕಲು ಮಾಡುವ ವಿಧಾನ) ನಂತರ ಜೆಲ್‌ನಲ್ಲಿ ಆ ತುಣುಕಿನ ಒಂದೂ ಬ್ಯಾಂಡ್ (ಪಟ್ಟಿ) ಇಲ್ಲ. ಮೊದಲೇ ನನ್ನಲ್ಲಿದ್ದ ಹಳೆಯ ರಕ್ತದ ಡಿಎನ್‌ಎ ಅದೇ ಪ್ರೈಮರ್‌ಗಳಿಂದ (ನಕಲು ಶುರುವಾಗುವ ಜಾಗ ಹಿಡಿಯುವ ಚಿಕ್ಕ ಡಿಎನ್‌ಎ ತುಣುಕುಗಳು) ಚೆನ್ನಾಗಿ ಬರುತ್ತದೆ.

ಉತ್ತರ (ಕೋಥರೂಡ):
ಆ ಗಸಿಯಲ್ಲಿ ಬಹುಪಾಲು ಕೇಸೀನ್, ಜೀವಕೋಶಗಳಲ್ಲ. ಆರೋಗ್ಯವಂತ ಹಸುವಿನ ಹಾಲಿನಲ್ಲಿ ಮಿ.ಲೀ.ಗೆ ಸಾಮಾನ್ಯವಾಗಿ 2 ಲಕ್ಷಕ್ಕಿಂತ ಕಡಿಮೆ ಕೋಶಗಳಿರುತ್ತವೆ. ಒಂದು ಕೋಶದಲ್ಲಿ ಸುಮಾರು 6 ಪಿಕೋಗ್ರಾಂ ಡಿಎನ್‌ಎ ಎಂದು ಹಿಡಿದರೆ, ನೀವು ತೆಗೆದುಕೊಂಡಷ್ಟು ಹಾಲಿನಲ್ಲಿ ಒಟ್ಟಾರೆ ಒಂದು ಮೈಕ್ರೋಗ್ರಾಂನಷ್ಟೂ ಸಿಗುವುದು ಕಷ್ಟ. ಅದರ ಮೇಲೆ ಹೆಪ್ಪುಗಟ್ಟಿಸಿ ಕರಗಿಸಿದಾಗ ಕೋಶಗಳು ಒಡೆದು, ಡಿಎನ್‌ಎ ನೀವು ಚೆಲ್ಲಿದ ಮೇಲಿನ ದ್ರವಕ್ಕೆ ಸೇರಿರುತ್ತದೆ. ಮೊದಲು ಒಂದು ಪರೀಕ್ಷೆ ಮಾಡಿ: ರಕ್ತದ ಡಿಎನ್‌ಎ ಇರುವ ನಳಿಕೆಗೆ ಹಾಲಿನಿಂದ ತೆಗೆದ ಡಿಎನ್‌ಎ ಸಾರವನ್ನು ಸ್ವಲ್ಪ ಬೆರೆಸಿ ಪಿಸಿಆರ್ ಮಾಡಿ ನೋಡಿ.

ಪ್ರಶ್ನೆ ಕೇಳಿದವರು:
ಬೆರೆಸಿದೆ, ರಕ್ತದ ಬ್ಯಾಂಡೂ ಮಾಯವಾಯಿತು. ಹಾಲಿನ ಸಾರವನ್ನೇ ಹತ್ತು ಪಟ್ಟು ತೆಳುಗೊಳಿಸಿದಾಗ ಮೂರು ಹಸುಗಳಲ್ಲಿ ಮಸುಕಾದ ಬ್ಯಾಂಡ್ ಕಂಡಿತು.

ಉತ್ತರ (ಕೋಥರೂಡ):
ಹಾಗಾದರೆ ಕ್ಯಾಲ್ಸಿಯಂ, ಕೇಸೀನ್, ಜಿಡ್ಡು ಇವುಗಳಲ್ಲಿ ಯಾವುದೋ ಉಳಿದು, ಪಿಸಿಆರ್‌ನಲ್ಲಿ ನಕಲು ಮಾಡುವ ಕಿಣ್ವವಾದ ಪಾಲಿಮರೇಸನ್ನು ತಡೆಯುತ್ತಿದೆ. ಕರೆದ ದಿನವೇ, ಫ್ರೀಜರ್‌ಗೆ ಹಾಕದೆ 4 ಡಿಗ್ರಿಯಲ್ಲಿಟ್ಟು ತಂದ 40 ಮಿ.ಲೀ. ಹಾಲಿಗೆ 0.5 ಮೋಲಾರ್ ಇಡಿಟಿಎ (ಕ್ಯಾಲ್ಸಿಯಂನಂಥ ಲೋಹಗಳನ್ನು ಹಿಡಿದಿಡುವ ರಾಸಾಯನಿಕ; ಪಿಎಚ್ 8) 4 ಮಿ.ಲೀ. ಸೇರಿಸಿ ಮೆಲ್ಲಗೆ ತಿರುಗಿಸಿ. ಕೇಸೀನ್ ಕಣಗಳನ್ನು ಹಿಡಿದಿಟ್ಟ ಕ್ಯಾಲ್ಸಿಯಂ ಇಡಿಟಿಎ ಪಾಲಾಗುತ್ತಿದ್ದಂತೆ ಹಾಲಿನ ಬಿಳುಪು ಇಳಿದು, ಅದು ಗಂಜಿತಿಳಿಯಂತೆ ಕಾಣತೊಡಗುತ್ತದೆ. ಈ ಬದಲಾವಣೆ ಕಣ್ಣಿಗೆ ಬೀಳುವವರೆಗೆ ಮುಂದುವರಿಯಬೇಡಿ. ನಂತರ ಸೆಂಟ್ರಿಫ್ಯೂಜ್‌ನಲ್ಲಿ 2000 ಜಿಯಲ್ಲಿ (ಗುರುತ್ವದ 2000 ಪಟ್ಟು ಬಲದಲ್ಲಿ) 15 ನಿಮಿಷ ತಿರುಗಿಸಿ, ಕೆನೆಯನ್ನು ತೆಗೆದು, ಗೋಡೆಗೆ ಅಂಟಿದ ಜಿಡ್ಡನ್ನೂ ಒರೆಸಿ, ತಳದ ಗಸಿಯನ್ನು ಪಿಬಿಎಸ್‌ನಲ್ಲಿ (ಕೋಶ ತೊಳೆಯುವ ಉಪ್ಪು ದ್ರಾವಣ) ಎರಡು ಬಾರಿ ತೊಳೆಯಿರಿ. ಈ ತೊಳೆತವನ್ನು ಬಿಟ್ಟರೆ ಉಳಿದ ಇಡಿಟಿಎಯೇ ಪಿಸಿಆರ್‌ಗೆ ಬೇಕಾದ ಮೆಗ್ನೀಸಿಯಂ ಅನ್ನು ಕಟ್ಟಿಹಾಕುತ್ತದೆ. ಆಮೇಲೆ ಪ್ರೋಟೀನೇಸ್ ಕೆ (ಪ್ರೋಟೀನನ್ನು ಕರಗಿಸುವ ಕಿಣ್ವ) ಹಾಕಿ ರಾತ್ರಿಯಿಡೀ 56 ಡಿಗ್ರಿಯಲ್ಲಿಡಿ. ಉಳಿದದ್ದು ನಿಮಗೆ ರೂಢಿಯಿರುವ ಕಾಲಂ ವಿಧಾನವೇ. ಬಾಲದ ಕೂದಲನ್ನು ಬೇರುಸಹಿತ ಕೀಳಲು ಯಜಮಾನರು ಒಪ್ಪಿದರೆ ಇಷ್ಟೆಲ್ಲ ಪಾಡು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಕೂದಲಿಗೂ ಒಪ್ಪಲಿಲ್ಲ! ಆದರೆ ನಿಮ್ಮ ವಿಧಾನದಲ್ಲಿ 12ರಲ್ಲಿ 11 ಬ್ಯಾಂಡ್ ಬಂದಿವೆ. ಒಂದು ಅನುಮಾನ: ಒಂದು ಹಸುವಿನ ಸೀಕ್ವೆನ್ಸ್‌ನಲ್ಲಿ 67ನೆಯ ಅಮೈನೋ ಆಮ್ಲದ ಜಾಗದಲ್ಲಿ ಪ್ರೋಲಿನ್ (ಎ2), ಹಿಸ್ಟಿಡಿನ್ (ಎ1) ಎರಡರ ಸಂಕೇತವೂ ಇದೆ, ಆದರೆ ಹಿಸ್ಟಿಡಿನ್‌ನ ಗೆರೆ ತೀರ ಗಿಡ್ಡ.

ಉತ್ತರ (ಕೋಥರೂಡ):
ನಿಜವಾದ ಎ1ಎ2 (ಎರಡೂ ಬಗೆಯ ಒಂದೊಂದು ಪ್ರತಿ ಇರುವ ಹಸು) ಆಗಿದ್ದರೆ ಎರಡೂ ಗೆರೆಗಳು ಹೆಚ್ಚುಕಡಿಮೆ ಸಮನಾಗಿರಬೇಕಿತ್ತು. ಬೇರೆ ಹಸುವಿನ ಹಾಲು ಸ್ವಲ್ಪ ಬೆರೆತಿರಬಹುದು; ಎಲ್ಲ ಹಸುಗಳನ್ನೂ ಒಂದೇ ತಂಬಿಗೆಯಲ್ಲಿ ಕರೆದಿರಾ?

ಪ್ರಶ್ನೆ ಕೇಳಿದವರು:
ಹೌದು, ನಡುವೆ ನೀರಿನಲ್ಲಿ ಕುಲುಕಿದ್ದಷ್ಟೇ. ಕೆಚ್ಚಲು ತೊಳೆದು, ನೇರವಾಗಿ ನಳಿಕೆಗೇ ಕರೆಯಲು ಶನಿವಾರ ಬೆಳಿಗ್ಗೆ ಮತ್ತೆ ಹೋಗುತ್ತೇನೆ.