ನೂರು ಕಂಪನಿ, ನಾಲ್ಕು ಕಾರು

ಭಾವ: (ಫಾರ್ವರ್ಡ್) ಜಗತ್ತಿನ ಶೇ. 71ರಷ್ಟು ಹೊಗೆಗೆ ಬರೀ 100 ಕಂಪನಿಗಳು ಕಾರಣ! ನೀವು ಲೈಟ್ ಆರಿಸಿ ಏನು ಪ್ರಯೋಜನ? ಎಲ್ಲರಿಗೂ ಕಳಿಸಿ.

ಭಾವ: ನಾನು ಯಾವತ್ತೋ ಹೇಳಿದ್ದೆ. ಇನ್ನು ನನ್ನ ಕಾರಿನ ಸುದ್ದಿಗೆ ಬರಬೇಡಿ.

ದೊಡ್ಡಪ್ಪ: ಹಾಗನ್ನಬಾರದಪ್ಪ. ಹನಿ ಹನಿ ಕೂಡಿದರೆ ಹಳ್ಳ. ಖಾಲಿ ಕೋಣೆಯಲ್ಲಿ ಫ್ಯಾನ್ ತಿರುಗಿದರೆ ನಮ್ಮಪ್ಪ ಸುಮ್ನೆ ಬಿಡುತ್ತಿರಲಿಲ್ಲ.

ಅಣ್ಣ: ಇದು ಎಲ್ಲಿಂದ ಬಂತು ಭಾವ? ಲೆಕ್ಕ ಹಾಕಿದವರು ಯಾರು?

ಭಾವ: ನಿನಗೆ ಎಲ್ಲಕ್ಕೂ ಸಾಕ್ಷಿ ಬೇಕು. ಹೋದ ಸಲವೂ ಹೀಗೇ ಎಲ್ಲರ ಮುಂದೆ ಕೇಳಿದ್ದೆ.

ಪುಟ್ಟಿ: ಫ್ಯಾನ್ ಅಂದಾಗ ನೆನಪಾಯ್ತು! ಅಜ್ಜಿ ಮನೇಲಿ ಕರೆಂಟ್ ಹೋದ ರಾತ್ರಿ ಎಲ್ಲರೂ ತಾರಸಿ ಮೇಲೆ ಮಲಗಿದ್ವಿ. ಫೋಟೋ ಯಾರ ಹತ್ರ ಇದೆ?

ನಾನು: ಭಾವ, ಆ ಲೆಕ್ಕ ಸುಳ್ಳಲ್ಲ. ಆದರೆ ಪೂರ್ತಿ ಓದಬೇಕು. ಅದು ಕಂಪನಿಗಳಿಂದ ಪರಿಸರದ ಮಾಹಿತಿ ಕೇಳಿ ಪಡೆಯುವ ಸಿಡಿಪಿ ಎಂಬ ಸಂಸ್ಥೆಯ 2017ರ ವರದಿ. 1988ರಿಂದೀಚೆಗಿನ ಕೈಗಾರಿಕಾ ಹಸಿರುಮನೆ ಅನಿಲಗಳ, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲಗಳ ಲೆಕ್ಕ. ಆ ನೂರೂ ಕಲ್ಲಿದ್ದಲು, ತೈಲ, ಗ್ಯಾಸ್ ತೆಗೆಯುವ ಸಂಸ್ಥೆಗಳು. ಅವರ ತಲೆಗೆ ಕಟ್ಟಿದ ಹೊಗೆಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು, ಅವರು ಮಾರಿದ್ದನ್ನು ಕೊಂಡವರು ಉರಿಸಿದಾಗ ಬಂದದ್ದು. ನಿಮ್ಮ ಟ್ಯಾಂಕೂ ಅದರಲ್ಲಿದೆ, ನನ್ನದೂ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್. ಹೋದ ಸಲ ಮದುವೆಗೆ ಒಂದೇ ರಸ್ತೆಯಲ್ಲಿ ನಮ್ಮ ನಾಲ್ಕು ಕಾರು ಹೋದವು.

ಭಾವ: ನಾನೊಬ್ಬನೇ ಬಂದೆನಾ?

ಅಕ್ಕ: ಅವತ್ತು ಜಾಗ ಇದ್ದರೂ ನಮ್ಮನ್ನು ಯಾರೂ ಕರೆಯಲಿಲ್ಲ. ಅದನ್ನೂ ಬರಿ.

ಅಣ್ಣ: ನಾನು ಫೋನ್ ಮಾಡಿದ್ದೆ. ನೀನು ಎತ್ತಲಿಲ್ಲ.

ದೊಡ್ಡಪ್ಪ: ಹಿರಿಯರಿರುವ ಗುಂಪು ಇದು. ಮಾತು ಹಿಡಿತದಲ್ಲಿರಲಿ.

ನಾನು: ಕರೆಯದೆ ಇದ್ದದ್ದು ನನ್ನ ತಪ್ಪು ಅಕ್ಕ. ನನ್ನ ಕಾರಿನಲ್ಲಿ ಮೂರು ಸೀಟು ಖಾಲಿ ಇತ್ತು. ಕಂಪನಿಗಳನ್ನು ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಅವರನ್ನು ಬಗ್ಗಿಸುವ ಕಾನೂನು ಕೇಳುವುದೂ ನಮ್ಮ ಹೊಣೆಯೇ. ಆದರೆ ದೊಡ್ಡಪ್ಪ, ಎಲ್ಲರ ಹನಿಯೂ ಒಂದೇ ಅಳತೆಯದ್ದಲ್ಲ. ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫಾಮ್ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಹೊರಬಿದ್ದ ಇಂಗಾಲದಲ್ಲಿ ಅರ್ಧದಷ್ಟು, ಜಗತ್ತಿನ ಅತಿ ಶ್ರೀಮಂತ ಶೇ. 10 ಜನರದ್ದು. ಜಾಸ್ತಿ ಉರಿಸುವವರು ಜಾಸ್ತಿ ಕಡಿಮೆ ಮಾಡಬೇಕು, ಅಲ್ವಾ? ವರ್ಷಕ್ಕೆ ಎರಡು ಸಲ ವಿಮಾನ ಹತ್ತುವ ನಾನು, ಫ್ಯಾನ್ ಆರಿಸಿದೆ ಅಂತ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ.

ಪುಟ್ಟಿ: ಫೋಟೋ ಸಿಕ್ತು!! ದೊಡ್ಡಪ್ಪನ ಮೀಸೆ ನೋಡಿ.

ದೊಡ್ಡಪ್ಪ: ಅದು ನಾನಲ್ಲ, ನಿಮ್ಮಪ್ಪ.

ಅಕ್ಕ: ಮುಂದಿನ ಸಲ ನಾವಿಬ್ಬರೂ ನಿನ್ನ ಜೊತೆ ಬರ್ತೀವಿ. ಆದರೆ ಅರ್ಧ ಗಂಟೆ ಮೊದಲೇ ಬಂದು ಹಾರ್ನ್ ಹೊಡೀಬೇಡ.