ತುರ್ತು: ಡೆತ್ಸ್ ಹೆಡ್ ಹಾಕ್‌ಮಾತ್‌ಗೆ ಕನ್ನಡ ಹೆಸರು ಬೇಕು

ನಮಸ್ಕಾರ. ಕೀಟ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಡೆತ್ಸ್ ಹೆಡ್ ಹಾಕ್‌ಮಾತ್, ಅಂದರೆ ವೈಜ್ಞಾನಿಕ ಹೆಸರಿನಲ್ಲಿ ಅಖೆರಾಂಟಿಯಾ ಸ್ಟಿಕ್ಸ್, ಇದಕ್ಕೆ ಏನು ಹೆಸರು ಹಾಕಲಿ? ಮುಂದಿನ ರೆಕ್ಕೆ ಕಪ್ಪುಗಂದು, ಹಿಂದಿನದು ಹಳದಿ, ಅದರ ಮೇಲೆ ಕಪ್ಪು ಪಟ್ಟೆ. ಬೆನ್ನಿನ ಮೇಲೆ ತಲೆಬುರುಡೆಯಂಥ ಮಚ್ಚೆ. ರಾತ್ರಿ ಜೇನುಗೂಡಿಗೆ ನುಗ್ಗಿ ತುಪ್ಪ ಹೀರುತ್ತೆ, ಹಿಡಿದರೆ ಕೀಚ್ ಅನ್ನುತ್ತೆ. ನನಗೆ ಬಂದ ಕರಡಿನಲ್ಲಿ ‘ಸಾವಿನ ತಲೆಯ ಗಿಡುಗ ಚಿಟ್ಟೆ’ ಅಂತಿದೆ. ಹಾಗೇ ಬಿಡೋಕಾಗಲ್ಲ, ಅಲ್ವಾ?

ಮರು:
ಆಗಲ್ಲ. ಡೆತ್ಸ್ ಹೆಡ್ ಅಂದರೆ ಇಂಗ್ಲಿಷಿನಲ್ಲಿ ತಲೆಬುರುಡೆ, ಅಷ್ಟೇ. ಚಿಟ್ಟೆಯಂತೂ ತಪ್ಪು, ಇದು ಮಾತ್. ಪತಂಗವೂ ಬೇಡ, ಸಂಸ್ಕೃತದಲ್ಲಿ ಅದು ಹಕ್ಕಿಯೂ ಹೌದು, ಸೂರ್ಯನೂ ಹೌದು. ನಮ್ಮದೇ ‘ಹಾತೆ’ ಇದೆ, ಹಳಗನ್ನಡದ ಪಾತೆ. ಪಾತರಗಿತ್ತಿಯೂ ಇದರ ಮಗಳೇ ಅಂತ ನಾನು ಮೊದಲಿಂದ ಹೇಳುತ್ತಿದ್ದೇನೆ. ‘ಬುರುಡೆ ಹಾತೆ’ ಹಾಕಿ.

ಮರು:
ಮತ್ತೆ ಶುರುವಾಯ್ತು. ಪಾತರ ಬಂದದ್ದು ಪಾತ್ರದಿಂದ, ಕುಣಿಯುವವಳು ಅಂತ. ಪಾತೆಗೆ ‘ರ’ ಎಲ್ಲಿಂದ ಅಂಟಿತು ಸಾರ್? ಹಾತೆ ಅಂದರೆ ಪ್ರದರ್ಶನಕ್ಕೆ ಬರುವ ಮಕ್ಕಳಿಗೆ ತಿಳಿಯಲ್ಲ. ಬರೀ ‘ಬುರುಡೆ’ಯೂ ಬೇಡ, ಬುರುಡೆ ಬಿಡುವ ಹುಳ ಅಂತಾರೆ.

ಮರು:
ಬಿಡೋದು ನಿಜ ತಾನೆ! ಇದರ ಯುರೋಪಿನ ಸೋದರ ಜಾತಿ ಅಟ್ರೊಪಾಸ್‌ನ ಮೈಮೇಲೆ ಜೇನ್ನೊಣದ ಮೈಯಲ್ಲಿರುವ ಕೊಬ್ಬಿನಾಮ್ಲಗಳೇ ಇವೆ. ಕತ್ತಲ ಗೂಡಿನಲ್ಲಿ ನೊಣಗಳಿಗೆ ಇದು ನಮ್ಮದೇ ವಾಸನೆ ಅನ್ನಿಸುತ್ತೆ. ಬೇರೆ ಹಾಕ್‌ಮಾತ್‌ಗಳ ಸೊಂಡಿಲು ಉದ್ದ, ಹೂವಿಗೆಂದೇ ಆದದ್ದು. ಇದರದು ಮೋಟು, ಗಟ್ಟಿ, ಮೇಣದ ಮುಚ್ಚಳ ಚುಚ್ಚಲು. ಕೀಚ್ ಸದ್ದೂ ಬಾಯಿಂದಲೇ, ಗಂಟಲಿಗೆ ಗಾಳಿ ಎಳೆದು ಬಿಟ್ಟು.

ಹಾಕ್ ಅಂದರೆ ಗಿಡುಗ ನಿಜ, ಆದರೆ ಇಲ್ಲಿ ಬೇಡವೇ ಬೇಡ. ಎಳ್ಳು ಬೆಳೆಯುವವರಿಗೆ ಪತಂಗಕ್ಕಿಂತ ಇದರ ಹುಳುವೇ ಜಾಸ್ತಿ ಪರಿಚಯ. ಬೆರಳುದ್ದದ ಹುಳು, ಬಾಲದ ತುದಿಯಲ್ಲಿ ಕೊಂಬು, ಎಲೆಯೆಲ್ಲ ತಿಂದು ಮಣ್ಣಿನೊಳಗೆ ಹೋಗಿ ಕೋಶವಾಗುತ್ತೆ. ಈ ಕುಟುಂಬಕ್ಕೆ ಸ್ಫಿಂಜಿಡೆ ಅನ್ನುವ ಹೆಸರು ಬಂದದ್ದೂ ಹುಳು ಈಜಿಪ್ಟಿನ ಸ್ಫಿಂಕ್ಸ್ ವಿಗ್ರಹದ ಥರ ತಲೆ ಎತ್ತಿ ಕೂರುವುದರಿಂದ. ಕುಟುಂಬಕ್ಕೆ ‘ಕೊಂಬುಹುಳು ಪತಂಗ’ ಅನ್ನಿ.

ಮರು:
ಅಖೆರಾನ್, ಸ್ಟಿಕ್ಸ್ ಎರಡೂ ಗ್ರೀಕರ ಪಾತಾಳದ ನದಿಗಳು. ‘ವೈತರಣಿ ಪತಂಗ’ ಅಂದರೆ ಹೇಗೆ?

ಮರು:
ಗ್ರೀಕರ ಸಾಲ ತೀರಿಸೋಕೆ ಸಂಸ್ಕೃತದಲ್ಲಿ ಸಾಲ. ಬೇಡ.

ಮರು:
ಸಾಲ ಬೇಡ ಅನ್ನುವವರು ಪ್ರಿಂಟು, ಇಮೇಲು ಎಲ್ಲ ಬಿಡಿ ಹಾಗಾದರೆ. ಐನೂರು ವರ್ಷ ಬಳಸಿದ ಪದ ಇನ್ನೂ ನೆಂಟನಾ?

ಮರು:
ಎಲ್ಲರಿಗೂ ಥ್ಯಾಂಕ್ಸ್. ಫಲಕ ಪ್ರಿಂಟಿಗೆ ಹೋಯಿತು. ‘ತಲೆಬುರುಡೆ ಪತಂಗ’ ದೊಡ್ಡದಾಗಿ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಜೇನು ಕದಿಯುವ ಹಾತೆ’.

ಮರು:
ಸಣ್ಣ ಅಕ್ಷರ! ಇರಲಿ. ‘ಫಲಕ’ ಯಾಕೆ ಮೇಡಂ, ಹಲಗೆ ಇರಲಿಲ್ಲವೇ?

ಮರು:
ಹಲಗೆ ಫಲಕದ ತದ್ಭವ ಸಾರ್.

ಮರು:
ಉಲ್ಟಾ. ಪಲಗೆ ನಮ್ಮಿಂದ ಸಂಸ್ಕೃತಕ್ಕೆ ಹೋದದ್ದು ಅಂತ ನನ್ನ ವಾದ. ಬೇರೆ ಎಳೆ ಶುರುಮಾಡುತ್ತೇನೆ, ಅಲ್ಲಿಗೆ ಬನ್ನಿ.